ಚೌಕಿಯಾಚೆಗೆ ಸುಭದ್ರೆ

ಪುತ್ತೂರು, ಸುಳ್ಯ, ಕಡಬದ ಕಡೆ ಹಳೆಯ 'ಸುಭದ್ರಾ ಕಲ್ಯಾಣ'ವನ್ನು ಮತ್ತೆ ಆಡಿಸಿದರೆ ಜನ ಈಗಲೂ ಸೇರುತ್ತಾರೆ. ಕಪಟ ಸನ್ಯಾಸಿಯಾದ ಅರ್ಜುನ ಜಪಕ್ಕೆ ಕೂತು, ಒಂದು ಕಣ್ಣು ತೆರೆದು ಸುಭದ್ರೆಯನ್ನು ನೋಡಿದರೆ ಸಾಕು, ಹಿಂದಿನಿಂದ ಶಿಳ್ಳೆ. ಭಾಗವತರು ಶೃಂಗಾರದ ಪದ್ಯ ಎಳೆದಷ್ಟೂ ಅಜ್ಜಂದಿರು ತಲೆದೂಗುತ್ತಾರೆ. ತಂಗಿಯನ್ನು ಕೌರವನಿಗೇ ಕೊಡುತ್ತೇನೆಂದು ಹಟ ಹಿಡಿದ ಬಲರಾಮ, ಸನ್ಯಾಸಿಯ ಸೇವೆಗೆ ಅವಳನ್ನೇ ಬಿಟ್ಟು ಮೋಸಹೋದಾಗ ಇಡೀ ಸಭೆಗೆ ಖುಷಿ. ಅಣ್ಣನ ಮಾತು ಮೀರಿ ಹೋದವಳನ್ನು ಯಾರೂ ಬೈಯುವುದಿಲ್ಲ.

ಬೆಳಗಾಗುತ್ತದೆ. ಇದೇ ಸೀಮೆಯಲ್ಲಿ ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಬಸ್ಸಿನ ಒಂದೇ ಸೀಟಿನಲ್ಲಿ ಕೂತರೆ ಯಾರಿಗೋ ಫೋನು ಹೋಗುತ್ತದೆ, ಗುಂಪು ಬರುತ್ತದೆ, ಪೆಟ್ಟು ಬೀಳುತ್ತದೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಹುಡುಗಿಯರನ್ನು ಹೊಡೆದದ್ದನ್ನು ದೇಶವೇ ಟಿ.ವಿ.ಯಲ್ಲಿ ಕಂಡಿತು. ಈಗ ಹೊಡೆಯುವವರೇ ಮೊಬೈಲಿನಲ್ಲಿ ತೆಗೆದು ಹಂಚುತ್ತಾರೆ.

"ಅದು ಪುರಾಣ, ಇದು ಸಂಸ್ಕೃತಿಯ ಪ್ರಶ್ನೆ" ಎನ್ನುತ್ತಾರೆ. ಹಾಗಾದರೆ ಪುರಾಣ ಯಾರ ಸಂಸ್ಕೃತಿ ಸ್ವಾಮೀ? ಸಂಪಾಜೆಯ ಜಬ್ಬಾರ್ ಸಮೋ ತಾಳಮದ್ದಳೆಯಲ್ಲಿ ಪುರಾಣದ ಪಾತ್ರಗಳಿಗೆ ಅರ್ಥ ಹೇಳಿದ್ದಾರೆ, ಜನ ಕೂತು ಕೇಳಿದ್ದಾರೆ. ಅವರ ಮಾತಿಗೆ ಚಪ್ಪಾಳೆ ತಟ್ಟಿದ ಊರಿಗೆ, ಅವರದೇ ಸಮುದಾಯದ ಹುಡುಗ ಸಹಪಾಠಿಯೊಡನೆ ಜ್ಯೂಸ್ ಕುಡಿದರೆ ಸಹಿಸಲಾಗುವುದಿಲ್ಲ.

ನಮ್ಮವರೇನೂ ಕಡಿಮೆಯಿಲ್ಲ, ಇದನ್ನೂ ಹೇಳಿಬಿಡುತ್ತೇನೆ. ಬುರ್ಖಾ ತೊಟ್ಟವಳು ಅನ್ಯಧರ್ಮದ ಹುಡುಗನೊಡನೆ ನಿಂತಳೆಂದು ಅಡ್ಡಗಟ್ಟಿ ಹೆಸರು ಕೇಳುವ ಗುಂಪು ನಮ್ಮಲ್ಲೂ ಇದೆ. ಸುಭದ್ರೆಗೆ ಒಬ್ಬನೇ ಅಣ್ಣ ಅಡ್ಡ ಬಂದಿದ್ದ, ಇನ್ನೊಬ್ಬ ಅಣ್ಣ ರಥ ಕೊಟ್ಟು ಕಳಿಸಿದ. ಈ ಹುಡುಗಿಯರಿಗೆ ಊರು ತುಂಬ ಬಲರಾಮರು. ಕೃಷ್ಣನ ಪಾತ್ರಕ್ಕೆ ಮಾತ್ರ ಯಾರೂ ಗೆಜ್ಜೆ ಕಟ್ಟುತ್ತಿಲ್ಲ.