ಮಗು ಬರಲಾಗದ ಕಡೆ ಅವ್ವನೂ ಬರುವುದಿಲ್ಲ

ನಗರಗಳಲ್ಲಿ ನಡೆಯುವ ಸಂಗೀತ ಕಾರ್ಯಕ್ರಮಗಳ ಟಿಕೆಟ್ ಕೊಳ್ಳುವಾಗ ಕೆಳಗೆ ಸಣ್ಣ ಅಕ್ಷರಗಳಲ್ಲಿರುವ ನಿಯಮಗಳನ್ನು ನಾವು ಓದುವುದಿಲ್ಲ. ಓದಿದರೆ ಅನೇಕ ಕಡೆ ಒಂದು ಸಾಲು ಸಿಗುತ್ತದೆ: ಇಷ್ಟು ವರ್ಷದೊಳಗಿನವರಿಗೆ ಪ್ರವೇಶವಿಲ್ಲ. ಕಾಲೇಜು ಓದುವ ನಮಗೆ ಆ ಸಾಲಿನಿಂದ ಏನೂ ತೊಂದರೆಯಿಲ್ಲ. ಗದ್ದಲ, ನೂಕಾಟ, ಬಿಯರ್ ಕೌಂಟರ್ ಇರುವ ಜಾಗಕ್ಕೆ ಮಕ್ಕಳೇಕೆ ಬರಬೇಕು ಎಂದು ನಾವೇ ಕೇಳುತ್ತೇವೆ. ನನಗೆ ಈ ಪ್ರಶ್ನೆಯೇ ತಿರುಗುಮುರುಗು ಅನಿಸುತ್ತದೆ. ಮಕ್ಕಳು ಬರಲಾಗದಂಥ ಜಾಗವನ್ನು ಹಾಡು ಕೇಳಲು ನಾವೇಕೆ ಕಟ್ಟಬೇಕು?

ಬ್ರಿಟನ್ನಿನ ಗ್ಲಾಸ್ಟನ್‌ಬರಿ ಉತ್ಸವವನ್ನು ನಮ್ಮಲ್ಲಿ ಹಲವರು ಯೂಟ್ಯೂಬ್‌ನಲ್ಲಿ ನೋಡಿದ್ದೇವೆ. ಕೆಸರಲ್ಲಿ ಕುಣಿಯುವ ಜನ, ಬಾವುಟಗಳು, ದೊಡ್ಡ ವೇದಿಕೆ. ಆದರೆ ವಿಡಿಯೊದಲ್ಲಿ ಅಷ್ಟಾಗಿ ಕಾಣದ ಇನ್ನೊಂದು ಉತ್ಸವ ಅಲ್ಲೇ ಇದೆ. ಮೈಕೆಲ್ ಈವಿಸ್ ಎಂಬ ಹೈನುಗಾರ 1970ರಲ್ಲಿ ತನ್ನ ಹೊಲದಲ್ಲೇ ಇದನ್ನು ಶುರು ಮಾಡಿದ. ಮೊದಲ ವರ್ಷದ ಟಿಕೆಟ್ ಒಂದು ಪೌಂಡ್, ಜೊತೆಗೆ ತೋಟದ ಹಾಲು ಪುಕ್ಕಟೆ. ಈಗ ಎರಡು ಲಕ್ಷದಷ್ಟು ಜನ ಡೇರೆ ಹಾಕಿಕೊಂಡು ಐದು ದಿನ ಉಳಿಯುತ್ತಾರೆ. ಟಿಕೆಟ್ ಇರುವ ದೊಡ್ಡವರ ಜೊತೆ ಬರುವ 12 ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಸಂಸಾರಸ್ಥರಿಗೆಂದೇ ಎರಡು ಬಯಲುಗಳನ್ನು ಮೀಸಲಿಟ್ಟಿದ್ದಾರೆ. ಮಕ್ಕಳ ಆಟ, ನಾಟಕ, ಸರ್ಕಸ್ಸಿಗೆ ಬೇರೆಯೇ ಜಾಗವಿದೆ. ಡಾರ್ಸೆಟ್‌ನ ಲಲ್‌ವರ್ತ್ ಕೋಟೆಯ ಬಳಿ 2008ರಲ್ಲಿ ಶುರುವಾದ ಕ್ಯಾಂಪ್ ಬೆಸ್ಟಿವಲ್ ಅಂತೂ ಮಕ್ಕಳಿರುವ ಮನೆಯವರಿಗೆಂದೇ ಹುಟ್ಟಿದ ಉತ್ಸವ. ಅಪ್ಪಂದಿರು ಮಕ್ಕಳನ್ನು ಪುಟ್ಟ ಕೈಗಾಡಿಯಲ್ಲಿ ಕೂರಿಸಿ ಎಳೆದುಕೊಂಡು ಹೋಗುವುದು ಅಲ್ಲಿನ ಸಾಮಾನ್ಯ ನೋಟ. ಮಕ್ಕಳ ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್‌ನಂಥ ಸಾಧನ, ಮಣಿಕಟ್ಟಿಗೆ ತಂದೆತಾಯಿಯ ಫೋನ್ ನಂಬರಿನ ಪಟ್ಟಿ.

ಇದನ್ನು ಓದಿ ‘ವಿದೇಶದವರನ್ನು ನೋಡಿ ಕಲಿಯಬೇಕು’ ಎಂದು ಹೇಳಲು ನಾನು ಹೊರಟಿಲ್ಲ. ಗ್ಲಾಸ್ಟನ್‌ಬರಿಯ 2025ರ ಟಿಕೆಟ್ 373 ಪೌಂಡ್ ದಾಟಿತ್ತು. ನಮ್ಮ ಲೆಕ್ಕದಲ್ಲಿ ನಲವತ್ತು ಸಾವಿರ ರೂಪಾಯಿಗೂ ಹೆಚ್ಚು. ಆ ಸುಖವನ್ನು ನಮ್ಮ ಅಜ್ಜ ಅಜ್ಜಿ ದುಡ್ಡೇ ಇಲ್ಲದೆ ಅನುಭವಿಸಿದ್ದಾರೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು, ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಇಟ್ಟುಕೊಂಡು ಹೋಗುತ್ತಿದ್ದವರು ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರೇ? ಚಕ್ಕಡಿಯ ಕೆಳಗೇ ಮಲಗು, ಅಲ್ಲೇ ಅಡುಗೆ, ರಾತ್ರಿ ಕಂಪನಿ ನಾಟಕ. ಕರಾವಳಿಯ ಬಯಲಾಟದಲ್ಲಿ ಮಕ್ಕಳು ಚಾಪೆಯ ಮೇಲೆ ನಿದ್ದೆ ಹೋಗುತ್ತಿದ್ದರು. ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದಲೇ ಆರ್ಭಟಿಸುತ್ತ ಬರುವ ಹೊತ್ತಿಗೆ ದೊಡ್ಡವರು ಅವರನ್ನು ಎಬ್ಬಿಸುತ್ತಿದ್ದರು. ಅರ್ಧ ನಿದ್ದೆ, ಅರ್ಧ ಭಯದಲ್ಲಿ ನೋಡಿದ ಆ ವೇಷವನ್ನು ಅವರು ಅರವತ್ತು ವರ್ಷವಾದರೂ ಮರೆಯುವುದಿಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿಗೆ ನಡೆಯುವ ಅಹೋರಾತ್ರಿ ಸಂಗೀತವೂ ಇದೇ ಸಾಲಿಗೆ ಸೇರುತ್ತದೆ.

ಸವಾಯಿ ಗಂಧರ್ವರ ಶಿಷ್ಯ ಭೀಮಸೇನ ಜೋಶಿ ಅವರ ಬಾಲ್ಯದ ಕಥೆ ಸಂಗೀತ ಬಲ್ಲವರಿಗೆಲ್ಲ ಗೊತ್ತು. ಹುಡುಗ ಭಜನೆ ಮೇಳವೋ ಬ್ಯಾಂಡೋ ಕೇಳಿದರೆ ಸಾಕು, ಹಿಂದೆಯೇ ಹೋಗಿಬಿಡುತ್ತಿದ್ದ. ದಣಿದು ಎಲ್ಲೋ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಸಾಕಾದ ತಂದೆ ಕೊನೆಗೆ ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರಂತೆ. ಕಂಡವರು ಮನೆಗೆ ತಂದು ಬಿಡುತ್ತಿದ್ದರು. ಮಣಿಕಟ್ಟಿನ ಪಟ್ಟಿಯ ಉಪಾಯ ನಮ್ಮ ಗದಗದಲ್ಲಿ ಸುಮಾರು ತೊಂಬತ್ತು ವರ್ಷಗಳ ಹಿಂದೆಯೇ ಇತ್ತು! ಗಮನಿಸಬೇಕಾದದ್ದು ತಂದೆಯ ನಿರ್ಧಾರವನ್ನು. ಅವರು ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕಲಿಲ್ಲ, ಅಂಗಿಯ ಮೇಲೆ ಹೆಸರು ಬರೆದು ಊರನ್ನು ನಂಬಿದರು.

ಆ ನಂಬಿಕೆ ಈಗ ಎಲ್ಲಿದೆ ಎಂದು ಕೇಳಿದರೆ ಉತ್ತರಿಸುವುದು ಕಷ್ಟ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವರಲ್ಲಿ ನಮ್ಮ ವಯಸ್ಸಿನವರಿದ್ದರು, ನಮಗಿಂತ ಚಿಕ್ಕವರೂ ಇದ್ದರು. ಅದನ್ನು ಕಂಡ ಯಾವ ತಾಯಿ ಮಗುವನ್ನು ಜನಜಂಗುಳಿಗೆ ಕರೆದೊಯ್ದಾಳು? ಭಯ ಸಹಜ. ಆದರೆ ಆ ದುರಂತದಿಂದ ‘ಮಕ್ಕಳನ್ನು ಮನೆಯಲ್ಲಿ ಬಿಡಿ’ ಎಂಬ ಪಾಠವನ್ನಷ್ಟೇ ಕಲಿತರೆ ನಾವು ಕಲಿತದ್ದು ಕಡಿಮೆ. ಮೂರಡಿ ಎತ್ತರದ ಮಗುವಿಗೆ ಸುರಕ್ಷಿತವಾದ ಬಯಲು ಎಲ್ಲರಿಗೂ ಸುರಕ್ಷಿತ. ಮಗು ಬರುತ್ತದೆ ಎಂದು ಗೊತ್ತಿದ್ದರೆ ಆಯೋಜಕ ಬಾಗಿಲು ಅಗಲ ಮಾಡುತ್ತಾನೆ, ನೀರು, ಶೌಚಾಲಯ, ಪ್ರಥಮ ಚಿಕಿತ್ಸೆ ಹತ್ತಿರದಲ್ಲಿಡುತ್ತಾನೆ, ಎಷ್ಟು ಜನ ಹಿಡಿಸುತ್ತಾರೆ ಎಂದು ಲೆಕ್ಕ ಹಾಕುತ್ತಾನೆ. ಬರುವವರೆಲ್ಲ ಗಟ್ಟಿಮುಟ್ಟಾದ ಹುಡುಗರು ಎಂದುಕೊಂಡಾಗ ಈ ಲೆಕ್ಕ ತಪ್ಪುತ್ತದೆ.

ಮಗುವಿಗೆ ಬಾಗಿಲು ಮುಚ್ಚಿದರೆ ಹೊರಗುಳಿಯುವುದು ಮಗು ಮಾತ್ರವಲ್ಲ. ನನ್ನ ಅಕ್ಕ ಧಾರವಾಡದಲ್ಲಿ ಓದುವಾಗ ಒಂದು ಕಛೇರಿಯನ್ನೂ ತಪ್ಪಿಸಿದವಳಲ್ಲ. ಈಗ ಬೆಂಗಳೂರಿನಲ್ಲಿ ನಾಲ್ಕು ವರ್ಷದ ಮಗಳ ತಾಯಿ. ಕಳೆದ ವರ್ಷ ಬಯಲಲ್ಲಿ ನಡೆದ ಒಂದು ಸಂಗೀತ ಕಾರ್ಯಕ್ರಮಕ್ಕೆ ಮೂವರೂ ಹೋದರು. ಬಾಗಿಲಲ್ಲಿ ಮಗುವನ್ನು ತಡೆದರು. ಭಾವ ಒಳಗೆ ಹೋದರು, ಅಕ್ಕ ಮಗಳನ್ನು ಎತ್ತಿಕೊಂಡು ಆಟೊ ಹತ್ತಿದಳು. ‘ಮಾಮಾನೇ ಕೂಸಿನ ಜೋಡಿ ಮನಿಗೆ ಹೋಗಬಹುದಿತ್ತಲ್ಲಕ್ಕಾ?’ ಎಂದು ಫೋನಿನಲ್ಲಿ ಕೇಳಿದೆ. ‘ಆ ಮಾತು ಅಲ್ಲಿ ಯಾರಿಗೂ ಹೊಳೀಲೇ ಇಲ್ಲ ನೋಡು’ ಎಂದಳು. ಹಾಡುಗಾರ್ತಿಯರನ್ನು ವೇದಿಕೆಗೆ ಕರೆದು ಚಪ್ಪಾಳೆ ತಟ್ಟುತ್ತೇವೆ. ಕೇಳುಗರ ಸಾಲಿನಲ್ಲಿ ಮೂವತ್ತು ದಾಟಿದ ಹೆಣ್ಣುಮಕ್ಕಳು ಎಷ್ಟಿದ್ದಾರೆ ಎಂದು ಎಣಿಸುತ್ತೇವೆಯೇ?

ಮಕ್ಕಳನ್ನು ಕರೆದೊಯ್ಯುವುದೆಂದರೆ ಎಲ್ಲದಕ್ಕೂ ತಲೆಯಾಡಿಸುವುದಲ್ಲ. ಮುಖ್ಯವಾಗಿ ಸದ್ದಿನ ವಿಚಾರ. ವಾರಕ್ಕೆ 40 ಗಂಟೆ ಕೇಳುವುದಾದರೆ ದೊಡ್ಡವರಿಗೆ 80, ಮಕ್ಕಳಿಗೆ 75 ಡೆಸಿಬೆಲ್ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಈ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ಲಿನ ಸ್ಪೀಕರ್ ಮುಂದೆ ಮಗುವಿನ ಇಡೀ ವಾರದ ಪಾಲು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಕಿವಿಗೆ ರಕ್ಷಣೆ ಬೇಕೇ ಬೇಕು, ಸ್ಪೀಕರಿನಿಂದ ದೂರ ಕೂರಲೇಬೇಕು. ಇದೇ ಸಂಸ್ಥೆ 2022ರಲ್ಲಿ ಸಂಗೀತ ನಡೆಯುವ ಸ್ಥಳಗಳಿಗೆಂದು ಹೊರಡಿಸಿದ ಮಾನದಂಡದಲ್ಲಿ ಸದ್ದಿಗೆ ಮಿತಿಯ ಜೊತೆಗೆ ಕಿವಿಗೆ ವಿಶ್ರಾಂತಿ ಕೊಡುವ ಶಾಂತ ಜಾಗವೂ ಇರಬೇಕು ಎಂದಿದೆ. ನಮ್ಮ ಎಷ್ಟು ಫೆಸ್ಟ್‌ಗಳಲ್ಲಿ ಅಂಥ ಜಾಗವಿದೆ?

ರಾತ್ರಿ ಉಳಿಯುವುದಾದರೆ ತಯಾರಿ ಮನೆಯಿಂದಲೇ ಆಗಬೇಕು. ಮೊದಲು ಮಾಳಿಗೆಯ ಮೇಲೆ ಒಂದು ರಾತ್ರಿ ಡೇರೆ ಹಾಕಿ ಮಲಗಿ ನೋಡಲಿ. ಕತ್ತಲು, ಸೊಳ್ಳೆ, ತಂಡಿ ಮಗುವಿಗೆ ಆಗಿಬರುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಉತ್ಸವದ ಬಯಲಲ್ಲಿ ಡೇರೆ ತಗ್ಗಿನಲ್ಲಿ ಬೇಡ, ಮಳೆ ಬಂದರೆ ನೀರು ನಿಲ್ಲುತ್ತದೆ. ಮಗು ದೂರದಿಂದಲೇ ಗುರುತು ಹಿಡಿಯುವಂತೆ ಡೇರೆಗೆ ಒಂದು ಬಣ್ಣದ ಬಟ್ಟೆ ಕಟ್ಟಿ. ತಪ್ಪಿಸಿಕೊಂಡರೆ ಎಲ್ಲಿ ನಿಲ್ಲಬೇಕು, ಯಾವ ಸಮವಸ್ತ್ರದವರನ್ನು ಕೇಳಬೇಕು ಎಂದು ಹೋದ ಕೂಡಲೇ ತೋರಿಸಿ. ಎಲ್ಲಕ್ಕಿಂತ ಮುಖ್ಯ, ಮಗು ಸಾಕು ಎಂದಾಗ ಎದ್ದು ಬರಬೇಕು. ನಮ್ಮ ಮೆಚ್ಚಿನ ಗಾಯಕ ಆಗಷ್ಟೇ ವೇದಿಕೆ ಹತ್ತಿದ್ದರೂ ಎದ್ದು ಬರಬೇಕು.

ಇದೆಲ್ಲ ತಂದೆತಾಯಿಗಳ ಕೆಲಸ, ಇನ್ನೂ ನೌಕರಿ ಹುಡುಕುತ್ತಿರುವ ನಮಗೇನು ಸಂಬಂಧ ಎನ್ನಬಹುದು. ಸಂಬಂಧ ನಮಗೇ ಹೆಚ್ಚು. ಕಾಲೇಜು ಫೆಸ್ಟ್‌ಗಳನ್ನು ನಡೆಸುವವರು ನಾವು. ನಮ್ಮಲ್ಲಿ ಕೆಲವರು ನಾಳೆ ಕಾರ್ಯಕ್ರಮ ಆಯೋಜನೆಯನ್ನೇ ವೃತ್ತಿ ಮಾಡಿಕೊಳ್ಳುವವರು. ಎನ್‌ಎಸ್‌ಎಸ್‌ನ ಏಳು ದಿನಗಳ ವಿಶೇಷ ಶಿಬಿರಕ್ಕೆ ಹಳ್ಳಿಗೆ ಹೋದವರಿಗೆ ಗೊತ್ತು, ಸಂಜೆಯ ಕಾರ್ಯಕ್ರಮಕ್ಕೆ ಮೊದಲು ಬಂದು ಮುಂದಿನ ಸಾಲಿನಲ್ಲಿ ಕೂರುವವರು ಮಕ್ಕಳು. ಅವರ ಹಿಂದೆ ಅವರ ಅವ್ವಂದಿರು ಬರುತ್ತಾರೆ. ಮೊದಲ ದಿನ ನಾಚಿಕೆಯಿಂದ ದೂರ ನಿಂತವರು ಏಳನೇ ದಿನ ಸೋಬಾನೆ ಪದ ಹೇಳುತ್ತಾರೆ. ಹಳ್ಳಿಯಲ್ಲಿ ನಮಗೆ ಸಾಧ್ಯವಾದದ್ದು ನಮ್ಮದೇ ಕ್ಯಾಂಪಸ್ಸಿನಲ್ಲಿ ಏಕೆ ಆಗಬಾರದು? ಫೆಸ್ಟಿನ ಒಂದು ಸಂಜೆಯನ್ನು ಬೇಗ ಶುರು ಮಾಡಿ, ಸದ್ದು ತಗ್ಗಿಸಿ, ಚಾಪೆ ಹಾಸಿ, ಸಿಬ್ಬಂದಿಯ, ಮೆಸ್ಸಿನ ಅಕ್ಕಂದಿರ, ನೆರೆಹೊರೆಯ ಮಕ್ಕಳನ್ನು ಕರೆಯೋಣ. ಮಕ್ಕಳನ್ನು ನೋಡಿಕೊಳ್ಳುವ ಪಾಳಿಗೆ ಹುಡುಗರೂ ಹೆಸರು ಕೊಡಲಿ.

ಕೇಳುವ ಕಿವಿ ಇಪ್ಪತ್ತನೇ ವಯಸ್ಸಿಗೆ ಟಿಕೆಟ್ಟಿನ ಜೊತೆ ಸಿಗುವುದಿಲ್ಲ. ಅದು ಯಾರದೋ ತೊಡೆಯ ಮೇಲೆ ತೂಕಡಿಸುತ್ತ ಬೆಳೆಯುತ್ತದೆ. ಆ ತೊಡೆಗೂ ಬಯಲಿನಲ್ಲಿ ಜಾಗ ಇರಬೇಕು.