ತೊಗಲಿನ ಬೇನೆಗೆ ನಾಚಿಕೆ ಏಕೆ?

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರೂ ಅವರ ಧರ್ಮಪತ್ನಿ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮವನ್ನೇ ತೆಗೆದು, ಪಾದರಕ್ಷೆಗಳನ್ನು ಮಾಡಿ ಬಸವಣ್ಣನವರಿಗೆ ಒಪ್ಪಿಸಿದರೆಂಬ ಕಥೆಯನ್ನು ನಮ್ಮ ಬೀದರ ಜಿಲ್ಲೆಯ ಮಕ್ಕಳು ತಾಯಿಯ ಮಡಿಲಲ್ಲಿಯೇ ಕೇಳಿ ಬೆಳೆಯುತ್ತಾರೆ. ಬಸವಣ್ಣನವರು ಅವುಗಳನ್ನು ಕಾಲಿಗೆ ತೊಡದೆ ತಲೆಯ ಮೇಲೆ ಹೊತ್ತರೆಂದು ಪರಂಪರೆ ಹೇಳುತ್ತದೆ. ಮನುಷ್ಯನ ತೊಗಲು ಕೀಳಾದ ವಸ್ತುವಲ್ಲ, ಗುರುವಿಗೆ ಸಲ್ಲತಕ್ಕ ಕಾಣಿಕೆಯೆಂಬ ಭಾವ ಆ ಕಥೆಯಲ್ಲಿದೆ. ಹೀಗಿದ್ದರೂ ಹರಳಯ್ಯನವರ ನಾಡಿನಲ್ಲಿ ಹುಟ್ಟಿದ ನಾವು ತೊಗಲಿಗೆ ಬೇನೆ ಬಂದರೆ ಮುಚ್ಚಿಡುತ್ತೇವೆ. ಜ್ವರ ಬಂದರೆ ಓಣಿಗೆಲ್ಲ ಹೇಳುವವರು ತುರಿಕೆ ಬಂದರೆ ಮನೆಯವರಿಗೂ ಹೇಳುವುದಿಲ್ಲ.

ಔರಾದ ಕಡೆಯ ರೈತ ಬಂಧುವೊಬ್ಬರು ಒಮ್ಮೆ ನಮ್ಮಲ್ಲಿಗೆ ಬಂದಿದ್ದರು. ಮಗಳ ಮೊಣಕೈಯ ಮೇಲೆ ಬಿಳಿಯ ಮಚ್ಚೆ ಕಂಡು ವರನ ಕಡೆಯವರು ಮಾತುಕತೆಯ ನಡುವೆಯೇ ಎದ್ದುಹೋಗಿದ್ದರಂತೆ. "ಗುರುಗಳೇ, ಇದು ಯಾವ ಜನ್ಮದ ಪಾಪ ಅದ?" ಎಂದು ಕಣ್ಣೀರು ತಂದರು. ಮಾತನಾಡುತ್ತಲೇ ಅವರು ಸೊಂಟವನ್ನು ತುರಿಸಿಕೊಳ್ಳುತ್ತಿದ್ದರು. ಕೇಳಿದಾಗ, ಎಂಟು ತಿಂಗಳಿಂದ ಗಜಕರ್ಣವಿದೆ, ಅಂಗಡಿಯಿಂದ ತಂದ ಟ್ಯೂಬು ಹಚ್ಚುತ್ತಿದ್ದೇನೆ, ಹಚ್ಚಿದರೆ ಇಳಿಯುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ ಎಂದರು. ಮಗಳ ಮಚ್ಚೆಗೆ ಅಂಜಿದ ಆ ತಂದೆ ತಮ್ಮ ಬೇನೆಯನ್ನು ಬೇನೆಯೆಂದೇ ಎಣಿಸಿರಲಿಲ್ಲ. ನಿಜವಾಗಿ ಅಂಟುವ ಬೇನೆ ಅವರ ಸೊಂಟದಲ್ಲಿತ್ತು. ಮಗಳದು ಯಾರಿಗೂ ಅಂಟುವಂಥದಾಗಿರಲಿಲ್ಲ. ಈ ಅಜ್ಞಾನವನ್ನು ಕಳೆಯುವುದೇ ಇಂದಿನ ಲೇಖನದ ಉದ್ದೇಶ.

ನಮ್ಮ ಬೀದರ, ಭಾಲ್ಕಿ, ಔರಾದಗಳ ಬದುಕೇ ತೊಗಲನ್ನು ಪರೀಕ್ಷೆಗೆ ಒಡ್ಡುವಂಥದು. ಬೇಸಿಗೆಯ ಉರಿಬಿಸಿಲು, ಮಳೆಗಾಲದಲ್ಲಿ ಎರೆಹೊಲದ ಕೆಸರು, ಬೆವರಿನಲ್ಲಿ ನೆನೆದ ಬಟ್ಟೆಯಲ್ಲಿಯೇ ದಿನವಿಡೀ ತೊಗರಿ ಸೋಯಾ ಹೊಲದ ಕೆಲಸ, ಬೇಸಿಗೆಯಲ್ಲಿ ಸ್ನಾನಕ್ಕೂ ನೀರಿನ ಬರ, ಒಂದೇ ಕೋಣೆಯಲ್ಲಿ ಒಂದೇ ಹಾಸಿಗೆಯ ಮೇಲೆ ಮಲಗುವ ಮಕ್ಕಳು. ಇವೆಲ್ಲ ಕೂಡಿದಲ್ಲಿ ಮೊದಲು ಬರುವುದು ಕಜ್ಜಿ.

ಕನ್ನಡದಲ್ಲಿ ಕಜ್ಜಿ, ಮರಾಠಿಯಲ್ಲಿ ಖರೂಜ, ಉರ್ದುವಿನಲ್ಲಿ ಖಾರಿಶ್ ಎಂದು ನಮ್ಮ ಗಡಿನಾಡು ಮೂರು ಭಾಷೆಗಳಲ್ಲಿ ಕರೆಯುವ ಈ ಬೇನೆಗೆ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣದಾದ ಒಂದು ಹುಳು. ಅದು ತೊಗಲಿನ ಮೇಲ್ಪದರದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಬೆರಳ ಸಂದು, ಮಣಿಕಟ್ಟು, ಕಂಕುಳು, ಸೊಂಟ ಅದರ ನೆಲೆಗಳು. ರಾತ್ರಿ ತುರಿಕೆ ಹೆಚ್ಚುವುದು ಅದರ ಗುರುತು. ಮೊದಲ ಸಲ ಹುಳು ಅಂಟಿದವರಿಗೆ ತುರಿಕೆ ತೋರಲು ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆಂಬುದನ್ನು ಮನೆಯ ಯಜಮಾನರು ಮನಗಾಣಬೇಕು. ಇಂದು ಮಗನಿಗೆ ತುರಿಕೆಯಿದ್ದರೆ, ತುರಿಕೆಯಿಲ್ಲದ ತಾಯಿಯಲ್ಲಿಯೂ ಹುಳು ಇರಬಹುದು. ಆದುದರಿಂದ ಒಬ್ಬರಿಗೆ ಮಾತ್ರ ಮದ್ದು ಹಚ್ಚಿದರೆ ವ್ಯರ್ಥ. ವೈದ್ಯರು ಸಾಮಾನ್ಯವಾಗಿ ಕೊಡುವ ಪರ್ಮೆಥ್ರಿನ್ ಮುಲಾಮನ್ನು ಮನೆಮಂದಿಯೆಲ್ಲ ಒಂದೇ ರಾತ್ರಿ, ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದಿಂಚೂ ಬಿಡದೆ ಹಚ್ಚಿ, ಬೆಳಿಗ್ಗೆ ಸ್ನಾನ ಮಾಡಬೇಕು. ವಾರದ ನಂತರ ಮತ್ತೊಮ್ಮೆ ಹಚ್ಚಬೇಕು. ಕೂಸುಗಳಿಗೂ ಗರ್ಭಿಣಿಯರಿಗೂ ವೈದ್ಯರನ್ನು ಕೇಳಿಯೇ ಹಚ್ಚಬೇಕು. ಅಂದೇ ಹಾಸಿಗೆ, ಹೊದಿಕೆ, ಟವೆಲುಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು. ಹುಳು ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಉಳಿಯುವುದುಂಟು. ಅದಕ್ಕೆ ಗಾಬರಿಯಾಗಿ ದಿನವೂ ಮುಲಾಮು ಹಚ್ಚಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಕಜ್ಜಿಯನ್ನು ಜಗತ್ತು ಅಲಕ್ಷಿಸಿದ ರೋಗಗಳ ಪಟ್ಟಿಗೆ ಸೇರಿಸಿತು. ಇದು ಕೊಳಕು ಮನೆಯವರ ರೋಗವೆಂಬ ಮಾತು ಸುಳ್ಳು. ದಿನಕ್ಕೆರಡು ಸಲ ಮೀಯುವವರಿಗೂ ಮೈಗೆ ಮೈ ತಾಗಿದರೆ ಅದು ಬರುತ್ತದೆ.

ಎರಡನೆಯದು ಗಜಕರ್ಣ ಅಥವಾ ಹುಳುಕಡ್ಡಿ. ಗಡಿಭಾಗದಲ್ಲಿ ಇದನ್ನೇ ನಾಯಟಾ ಎನ್ನುವವರೂ ಉಂಟು. ಹೆಸರಿನಲ್ಲಿ ಹುಳುವಿದ್ದರೂ ಇದಕ್ಕೆ ಕಾರಣ ಹುಳುವಲ್ಲ, ಶಿಲೀಂಧ್ರ. ಹಸಿ ಗೋಡೆಯ ಮೇಲೆ ಬೂಷ್ಟು ಬೆಳೆಯುವಂತೆ ಬೆವರಿನ ತೊಗಲಿನ ಮೇಲೆ ಇದು ಬೆಳೆಯುತ್ತದೆ. ತೊಡೆಯ ಸಂದಿನಲ್ಲಿಯೂ ಸೊಂಟದ ಉಡಿದಾರದ ಕೆಳಗೂ ಹೆಚ್ಚಾಗಿ ಕಾಣುವುದು ಇದೇ ಕಾರಣದಿಂದ. ಉಡಿದಾರವಾಗಲಿ, ಕೊರಳಲ್ಲಿ ಧರಿಸುವ ಶಿವದಾರವಾಗಲಿ, ಬೆವರಿನಲ್ಲಿ ನೆನೆದು ಒಣಗದೆ ಉಳಿಯಬಾರದು. ನಿತ್ಯ ಸ್ನಾನದಲ್ಲಿ ಶಿವದಾರವನ್ನು ತೊಳೆದು, ಒರೆಸಿ, ಒಣಗಿಸಿ, ಸವೆದಾಗ ಬದಲಿಸಿ ಧರಿಸಿದರೆ ಲಿಂಗಪೂಜೆಗೆ ಯಾವ ಕೊರತೆಯೂ ಬರುವುದಿಲ್ಲ. ಶುಚಿಯೂ ಪೂಜೆಯ ಅಂಗವೇ ಆಗಿದೆ.

ಇಲ್ಲಿಯೇ ಒಂದು ದೊಡ್ಡ ಅನಾಹುತ ನಡೆಯುತ್ತಿದೆ. ಅಂಗಡಿಯಲ್ಲಿ ಕೇಳಿ ಪಡೆಯುವ ಎಷ್ಟೋ ಟ್ಯೂಬುಗಳಲ್ಲಿ ಶಿಲೀಂಧ್ರದ ಮದ್ದಿನೊಡನೆ ಸ್ಟೀರಾಯ್ಡ್ ಸೇರಿರುತ್ತದೆ. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ. ಆದರೆ ಸ್ಟೀರಾಯ್ಡ್ ಮಾಡುವುದು ದೇಹದ ಕಾವಲುಗಾರನನ್ನು ಮಲಗಿಸುವ ಕೆಲಸ. ಕಾವಲು ಮಲಗಿದ ಮನೆಯಲ್ಲಿ ಕಳ್ಳನು ನಿರಾತಂಕವಾಗಿ ತಿರುಗುವಂತೆ ಶಿಲೀಂಧ್ರವು ಸದ್ದಿಲ್ಲದೆ ಹಬ್ಬುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ತೊಗಲು ತೆಳುವಾಗಿ ಸೀಳುಗೆರೆಗಳು ಮೂಡುತ್ತವೆ. ಅವು ಮತ್ತೆ ಮಾಯುವುದಿಲ್ಲ. ನಮ್ಮ ದೇಶದಲ್ಲಿ ಗಜಕರ್ಣವು ಮದ್ದಿಗೆ ಬಗ್ಗದಷ್ಟು ಹಟಮಾರಿಯಾಗಲು ಈ ದುರ್ಬಳಕೆಯೂ ಒಂದು ಕಾರಣವೆಂದು ಚರ್ಮವೈದ್ಯರು ಎಚ್ಚರಿಸುತ್ತ ಬಂದಿದ್ದಾರೆ. ಕೇಂದ್ರ ಸರಕಾರವು 2018ರಲ್ಲಿ ಇಂತಹ ಅನೇಕ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಟ್ಯೂಬಿನ ಮೇಲೆ ಕ್ಲೊಬೆಟಾಸಾಲ್, ಬೀಟಾಮೆಥಾಸೋನ್ ಎಂಬ ಹೆಸರುಗಳನ್ನು ಕಂಡರೆ ವೈದ್ಯರ ಮಾತಿಲ್ಲದೆ ಮುಟ್ಟಬೇಡಿರಿ. ಬೆಳ್ಳಗಾಗಲೆಂದು ಹೆಣ್ಣುಮಕ್ಕಳು ಮುಖಕ್ಕೆ ಹಚ್ಚುವ ಮುಲಾಮನ್ನೂ ಹೀಗೆಯೇ ಓದಿ ನೋಡಿರಿ. ಗಜಕರ್ಣದ ಸರಿಯಾದ ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ. ಕಲೆ ಮಾಯವಾದ ಮೇಲೂ ವೈದ್ಯರು ಹೇಳಿದಷ್ಟು ದಿನ ಮುಂದುವರಿಸಬೇಕು.

ಹೊಲದವರಿಗೆ ಮತ್ತೊಂದು ಶತ್ರು ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ. ಪರದೇಶದಿಂದ ಬಂದು 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಈ ಕಸ ಇಂದು ನಮ್ಮ ಬದುವುಗಳನ್ನೆಲ್ಲ ಆವರಿಸಿದೆ. ಅದರ ಧೂಳು ಗಾಳಿಯಲ್ಲಿ ತೇಲಿಬಂದು ಮುಖ, ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತುರಿಕೆ ಎಬ್ಬಿಸುತ್ತದೆ. ಕ್ರಮೇಣ ತೊಗಲು ಕಪ್ಪಾಗಿ ದಪ್ಪವಾಗುತ್ತದೆ. ಹೂ ಬಿಡುವ ಮೊದಲೇ, ತುಂಬುತೋಳಿನ ಅಂಗಿ ತೊಟ್ಟು, ಕೈಗೆ ಚೀಲ ಕಟ್ಟಿಕೊಂಡು ಅದನ್ನು ಕೀಳಬೇಕು. ಈಗಾಗಲೇ ಬೇನೆಯಿರುವವರು ಕೀಳಲು ಹೋಗಲೇಬಾರದು.

ಇನ್ನು ಬಿಳಿಯ ಮಚ್ಚೆಯ ವಿಚಾರ. ತೊನ್ನು ಬೇರೆ, ಕುಷ್ಠ ಬೇರೆ. ತೊಗಲಿಗೆ ಬಣ್ಣ ಕೊಡುವ ಕಣಗಳು ನಾಶವಾದಾಗ ತೊನ್ನು ಬರುತ್ತದೆ. ಹಾಲಿನಂತೆ ಬಿಳುಪಾದರೂ ಅಲ್ಲಿ ಮುಟ್ಟಿದರೆ ತಿಳಿಯುತ್ತದೆ, ಬಿಸಿ ತಾಗಿದರೆ ಸುಡುತ್ತದೆ. ಅದು ಉಂಡರೆ ಅಂಟದು, ಮುಟ್ಟಿದರೆ ಅಂಟದು. ಸ್ಟಿಕ್ಕರ್ ಟಿಕಳಿಯ ಅಂಟಿನಿಂದಲೂ ಕೆಲವು ತಾಯಂದಿರಿಗೆ ಹಣೆಯಲ್ಲಿ ಬಿಳಿಕಲೆ ಬೀಳುತ್ತದೆ. ಅಂಥವರು ಅದನ್ನು ಕೂಡಲೇ ಬಿಡಬೇಕು. ಕುಷ್ಠದ ಮಚ್ಚೆಯಾದರೋ ಮಾಸಲು ಅಥವಾ ಕೆಂಪುಬಣ್ಣದ್ದು. ಅಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ನೋವಿಲ್ಲವೆಂದು ಸುಮ್ಮನಿರುವುದೇ ಅಪಾಯ. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಅದರ ರೋಗಾಣುವನ್ನು ಕಂಡುಹಿಡಿದಾಗಲೇ ಪೂರ್ವಜನ್ಮದ ಶಾಪವೆಂಬ ಮಾತು ಬಿದ್ದುಹೋಗಬೇಕಿತ್ತು. 1981ರಿಂದ ಬಳಕೆಗೆ ಬಂದ ಬಹುಔಷಧ ಚಿಕಿತ್ಸೆಯಿಂದ ಆರು ಅಥವಾ ಹನ್ನೆರಡು ತಿಂಗಳಲ್ಲಿ ಅದು ಪೂರ್ತಿ ವಾಸಿಯಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಈ ಮದ್ದು ಉಚಿತ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿಸಿದ್ದ ಕಲಮುಗಳನ್ನು ಸಂಸತ್ತು 2019ರಲ್ಲಿ ಕಿತ್ತುಹಾಕಿತು. ಕಾನೂನು ಬಿಟ್ಟದ್ದನ್ನು ನಾವು ಇನ್ನೂ ಹಿಡಿದುಕೊಂಡಿರುವುದು ತರವೇ?

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಅಲ್ಲಗಳೆದವರು ನಮ್ಮ ಶರಣರು. ಅವರ ಒಕ್ಕಲಾದ ನಾವು ತೊಗಲಿನ ಸೂತಕವೆಂಬ ಆರನೆಯದನ್ನು ಹೊಸದಾಗಿ ಹುಟ್ಟಿಸಬಾರದು. ಶರಣರ ನಡುವೆ ವೈದ್ಯ ಸಂಗಣ್ಣನವರಿದ್ದರು. ವೈದ್ಯವನ್ನೇ ಕಾಯಕವೆಂದು ನಡೆಸಿದವರು ಅವರು. ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು 1999ರಲ್ಲಿ ಲಿಂಗೈಕ್ಯರಾಗುವವರೆಗೆ ದಿಕ್ಕಿಲ್ಲದ ಮಕ್ಕಳನ್ನು ತಮ್ಮವರೆಂದು ಸಾಕಿ ಓದಿಸಿದ ಪರಂಪರೆ ನಮ್ಮ ಕಣ್ಣ ಮುಂದಿದೆ. ಮಠಗಳ ಪ್ರಸಾದನಿಲಯಗಳಲ್ಲಿ ಒಬ್ಬ ಹುಡುಗನಿಗೆ ಕಜ್ಜಿ ಕಂಡರೆ ಅವನನ್ನು ಊರಿಗೆ ಅಟ್ಟದೆ, ಕೋಣೆಯವರೆಲ್ಲರಿಗೂ ಒಂದೇ ದಿನ ಮದ್ದು ಹಚ್ಚಿಸುವುದು, ಪ್ರತಿ ಮಗುವಿಗೂ ಬೇರೆ ಟವೆಲು ಕೊಡಿಸುವುದು ಇಂದಿನ ದಾಸೋಹವೇ ಸರಿ.

ಆ ರೈತ ಬಂಧುವನ್ನು ಮಗಳೊಡನೆ ಬೀದರದ ವೈದ್ಯರಲ್ಲಿಗೆ ಕಳುಹಿದೆವು. ಮಗಳದು ತೊನ್ನೆಂದು ತಿಳಿದು ಚಿಕಿತ್ಸೆ ನಡೆದಿದೆ. ತಂದೆಯ ಟ್ಯೂಬನ್ನು ವೈದ್ಯರು ಬಿಡಿಸಿದರು. ಮೊದಲ ಕೆಲವು ವಾರ ಉರಿ ಹೆಚ್ಚಿದರೂ ತಾಳಿಕೊಂಡು ಗುಣವಾದರು. ಮುಂದೆ ಭೇಟಿಯಾದಾಗ ಅವರು ಹೇಳಿದ ಮಾತು ಇದು: "ಬೀಗರು ಬಂದರ ಈಗ ನಾನೇ ಮೊದಲು ಮಗಳ ಕೈ ತೋರಸ್ತೀನ್ರಿ. ಕೂತವರು ನಮ್ಮವರು, ಎದ್ದವರು ಹೋಗಲಿ." ಮಗಳ ಮದುವೆ ಇನ್ನೂ ಕೂಡಿಬಂದಿಲ್ಲ. ಆದರೆ ಆ ಮನೆಯಲ್ಲಿ ಮುಚ್ಚಿಡುವ ಕಷ್ಟ ಮುಗಿದಿದೆ. ಕೂಡುವ ಬೀಗರು ನಮ್ಮ ಓದುಗರ ಮನೆಗಳಿಂದಲೇ ಬರಲೆಂದು ಹಾರೈಸುತ್ತೇವೆ.