ಗೋದಾಮಿನ ಕಂಬಕ್ಕೆ ಹಚ್ಚುವ ಮದ್ದು

ನಮ್ಮ ಗೊಬ್ಬರದ ಗೋದಾಮಿನ ಕಂಬಗಳ ಬುಡ ಬಿರಿದು ಒಳಗಿನ ಸರಳು ಕೆಂಪಗೆ ಕಾಣುತ್ತಿರುವುದನ್ನು ಸದಸ್ಯ ಬಾಂಧವರು ನೋಡಿದ್ದೀರಿ. ದುರಸ್ತಿಗೆ ಬಂದ ಗುತ್ತಿಗೆದಾರರೊಬ್ಬರು, ತುಕ್ಕು ತಡೆಯುವ ರಾಸಾಯನಿಕವನ್ನು ಕಂಬದ ಮೇಲೆ ಬಳಿದು ಗಾರೆ ಮಾಡಿದರೆ ಸಾಕು ಎಂದಿದ್ದಾರೆ. ಆಡಳಿತ ಮಂಡಳಿಯ ಕೆಲವರಿಗೆ ಇದು ಒಪ್ಪಿಗೆಯಾಗಿದೆ. ನನಗೆ ಆಗಿಲ್ಲ, ಕಾರಣ ಹೇಳುತ್ತೇನೆ.

ಸಿಮೆಂಟಿನ ಕ್ಷಾರದಲ್ಲಿ ಹುದುಗಿದ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆಯೊಂದು ಉಂಟಾಗಿ, ಅದೇ ಅದನ್ನು ಕಾಯುತ್ತದೆ. ಆ ಪೊರೆಯನ್ನು ಒಡೆಯುವುದು ಕ್ಲೋರೈಡ್. ಅದು ಸಮುದ್ರ ತೀರದವರ ತಾಪತ್ರಯವೆಂದು ನಾವು ತಿಳಿದಿದ್ದೆವು. ಆದರೆ ಕಾಫಿಗೂ ಅಡಿಕೆಗೂ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡೇ. 50 ಕಿಲೋ ಚೀಲದಲ್ಲಿ 20 ಕಿಲೋಗೂ ಮೇಲೆ ಕ್ಲೋರೈಡ್ ಇರುತ್ತದೆ. ಆರ್.ಸಿ.ಸಿ. ಹಾಕುವಾಗ ಒಂದು ಘನ ಮೀಟರಿನಲ್ಲಿ 0.6 ಕಿಲೋಗಿಂತ ಹೆಚ್ಚು ಇರಕೂಡದೆಂದು ಐ.ಎಸ್. 456 ವಿಧಿಸುತ್ತದೆ. ಅಂಥ ಚೀಲಗಳನ್ನು ಮಳೆಗಾಲವೆಲ್ಲ ಕಂಬಕ್ಕೆ ಒರಗಿಸಿ ಇಟ್ಟವರು ನಾವೇ. ಕಾರ್ಯದರ್ಶಿಯಾಗಿ ಆ ತಪ್ಪು ಮೊದಲು ನನ್ನದು.

ತುಕ್ಕು ತಡೆಯುವ ರಾಸಾಯನಿಕಗಳೇನೂ ಬೊಗಳೆಯಲ್ಲ. ಕ್ಯಾಲ್ಸಿಯಂ ನೈಟ್ರೈಟನ್ನು ಅಮೆರಿಕದಲ್ಲಿ 1970ರ ದಶಕದ ಕೊನೆಯಿಂದಲೇ ಕಾಂಕ್ರೀಟಿಗೆ ಬೆರೆಸುತ್ತಿದ್ದಾರೆ. ಪೊರೆ ಹರಿದಲ್ಲಿ ಅದು ಮತ್ತೆ ಕಟ್ಟುತ್ತದೆ. ಆದರೆ ಕಲಸುವಾಗಲೇ ಹಾಕಬೇಕು. ಮುಂದೆ ಬರಬಹುದಾದ ಕ್ಲೋರೈಡಿಗೆ ತಕ್ಕಂತೆ ಘನ ಮೀಟರಿಗೆ ಶೇ. 30ರ ದ್ರಾವಣ 10ರಿಂದ 30 ಲೀಟರ್. ಕಡಿಮೆ ಹಾಕಿದರೆ ಪೊರೆ ಅಲ್ಲಲ್ಲಿ ತೂತಾಗಿ, ತುಕ್ಕು ಅಲ್ಲೇ ಆಳಕ್ಕೆ ಕೊರೆಯುತ್ತದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ನಮಗೆ ಇದು ಹೊಸದಲ್ಲ: ಮಳೆ ಹಿಡಿಯುವ ಮೊದಲು ಹೊಡೆದದ್ದು ಕಾಯುತ್ತದೆ, ಕೊಳೆತು ಉದುರಿದ ಕಾಯಿಗೆ ಹೊಡೆದು ಪ್ರಯೋಜನವಿಲ್ಲ.

ಮೇಲೆ ಬಳಿದು ಒಳಕ್ಕೆ ಇಳಿಸುವ ಮದ್ದುಗಳೂ ಇವೆ. ಅವು ಸರಳಿನವರೆಗೆ ಸಾಕಷ್ಟು ಇಳಿಯುತ್ತವೆಯೇ ಎಂಬಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಉಪ್ಪು ಆಗಲೇ ತುಂಬಿಕೊಂಡ ಕಂಬಕ್ಕೆ ಅವನ್ನು ನಂಬಿ ಸಂಘದ ಹಣ ಹಾಕಲಾರೆ.

ನನ್ನ ಸಲಹೆ ಇಷ್ಟು. ಇಂಜಿನಿಯರಿಗೆ ತೋರಿಸಿ, ಆಸರೆ ಕೊಟ್ಟು, ಉಪ್ಪು ಹಿಡಿದ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೂ ಒಡೆದು ತೆಗೆಯಬೇಕು. ಸವೆದ ಸರಳಿಗೆ ಹೊಸದು ಜೋಡಿಸಬೇಕು. ಹೊಸ ಕಾಂಕ್ರೀಟು ಸರಳಿನ ಮೇಲೆ 40 ಮಿ.ಮೀ. ಇರಲಿ (ಹಿಂದೆ ಮೇಸ್ತ್ರಿ ಬಿಟ್ಟದ್ದು ಒಂದು ಬೆರಳಿನಷ್ಟೂ ಇಲ್ಲ). ಕನಿಷ್ಠ 10 ದಿನ ಗೋಣಿ ಸುತ್ತಿ ನೀರು ಹಾಕಬೇಕು. ನೈಟ್ರೈಟ್ ಬೆರೆಸುವುದಾದರೆ ಈ ಹೊಸ ಕಾಂಕ್ರೀಟಿಗೆ ಬೆರೆಸೋಣ. ಪೊಟ್ಯಾಷ್ ಚೀಲಗಳನ್ನು ಮರದ ಹಲಗೆಯ ಮೇಲೆ, ಕಂಬದಿಂದ ಎರಡು ಅಡಿ ದೂರ ಪೇರಿಸುವುದಕ್ಕೆ ಯಾರ ಮಂಜೂರಾತಿಯೂ ಬೇಡ. ಈ ವಾರವೇ ಮಾಡಿಸುತ್ತೇನೆ.

ಖರ್ಚು ಹೆಚ್ಚಾಗುತ್ತದೆ. ಈ ವರ್ಷದ ಡಿವಿಡೆಂಡಿನಲ್ಲಿ ಸ್ವಲ್ಪ ಬಿಡಬೇಕಾದೀತು. ಮಹಾಸಭೆಯಲ್ಲಿ ಬೈಯಬೇಕೆನಿಸಿದರೆ ನನ್ನನ್ನೇ ಬೈಯಿರಿ, ಆದರೆ ಸಭೆಗೆ ಬರುವ ಮುನ್ನ ಗೋದಾಮಿನ ಮೂಲೆಯ ಕಂಬವನ್ನು ಒಮ್ಮೆ ನೋಡಿಕೊಂಡು ಬನ್ನಿ.